ಯಕ್ಷಗಾನ ಮೇಳವನ್ನು ನಡೆಸಿದ ಬಗೆ

ಕರಾವಳಿಯ ವೃತ್ತಿಪರ ಯಕ್ಷಗಾನ ಮೇಳಗಳಲ್ಲಿ ಸಂಬಳ, ಸಾಗಾಟ, ಆಟ ಒಪ್ಪಿಕೊಳ್ಳುವುದು ಯಜಮಾನನ ಕೆಲಸ. ಕಟೀಲು, ಮಂದಾರ್ತಿ, ಧರ್ಮಸ್ಥಳದಂಥ ಕ್ಷೇತ್ರಗಳ ಮೇಳಗಳಿಗೆ ದೇವಸ್ಥಾನದ ಆಶ್ರಯವಿತ್ತು. ಆದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಗಣಪತಿ ಪೂಜೆ ಮುಗಿದ ಮೇಲೆ ಬೆಳಗಿನ ಮಂಗಳದವರೆಗೆ ಪದ್ಯ ಹಾಡುತ್ತ ಆಟ ನಡೆಸುವ ಭಾಗವತನ ಮಾತೇ ಅಂತಿಮ. ಮೇಳದ ಲೆಕ್ಕದಲ್ಲಿ ಮೊದಲನೇ ವೇಷ ಅವನೇ. ಮುಖ್ಯ ಪಾತ್ರಧಾರಿ ಎಷ್ಟೇ ಹೆಸರುವಾಸಿಯಾದರೂ ಅವನು ಎರಡನೇ ವೇಷ.

ಈ ಏರ್ಪಾಟಿಗೆ ಬಲವಾದ ಕಾರಣವಿತ್ತು. ಆಟದ ಪಠ್ಯವಾದ ಪ್ರಸಂಗದಲ್ಲಿ ಬರೆದಿರುವುದು ಮುಖ್ಯವಾಗಿ ಪದ್ಯ. ಅರ್ಥವನ್ನು, ಅಂದರೆ ಮಾತನ್ನು, ಕಲಾವಿದರು ರಂಗಸ್ಥಳದಲ್ಲೇ ಕಟ್ಟಬೇಕು. ದೀಪಾವಳಿಯ ಆಸುಪಾಸಿನಲ್ಲಿ ಹೊರಟ ಮೇಳ ತಿರುಗಾಟ ಮುಗಿಸುವುದು ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ. ಅಷ್ಟು ತಿಂಗಳು ರಾತ್ರಿಗೊಂದು ಊರು. ಲಾರಿ, ಬಸ್ಸು ಬರುವ ಮುಂಚೆ ವೇಷಭೂಷಣದ ಪೆಟ್ಟಿಗೆಗಳು ಆಳುಗಳ ತಲೆಯ ಮೇಲೆ, ಕಲಾವಿದರು ಕಾಲ್ನಡಿಗೆಯಲ್ಲಿ. ತಾಲೀಮಿಗೆ ಹೊತ್ತೆಲ್ಲಿಯದು? ಇಡೀ ಪ್ರಸಂಗದ ನಡೆ ಬಲ್ಲ ಒಬ್ಬನು ಪಾತ್ರ ಹಂಚಿ, ರಾತ್ರಿಯನ್ನು ಕೈಹಿಡಿದು ನಡೆಸಬೇಕಿತ್ತು.

ಅವನು ನಡೆಸುತ್ತಿದ್ದ ರೀತಿ ಹತ್ತಿರದಿಂದ ನೋಡುವಂಥದು. ಮಾತು ಬೆಳೆದು ಕಥೆ ನಿಂತಿತೆನಿಸಿದರೆ ಮುಂದಿನ ಪದ್ಯ ಎತ್ತಿಬಿಡುವನು. ವೇಷಧಾರಿ ಅಲ್ಲಿಗೇ ಮಾತು ಮುಗಿಸಬೇಕು. ಎಳೆಯ ಕಲಾವಿದ ತಡವರಿಸಿದರೆ ಪಾತ್ರವನ್ನೇ ಮಾತನಾಡಿಸುವ ನೆಪದಲ್ಲಿ ಒಂದು ಪ್ರಶ್ನೆ ಹಾಕಿ ದಾರಿ ತೋರಿಸುವನು. ಪ್ರೇಕ್ಷಕರಿಗೆ ತಪ್ಪು ಗೊತ್ತಾಗುತ್ತಿರಲಿಲ್ಲ, ಹುಡುಗನ ಮಾನವೂ ಉಳಿಯುತ್ತಿತ್ತು. ಬೆಳಗಾಗಲು ಎಷ್ಟು ಹೊತ್ತಿದೆಯೆಂದು ಅಂದಾಜಿಸಿ ಪದ್ಯ ಬಿಡುವುದೋ ಹಿಗ್ಗಿಸುವುದೋ ಎಂಬುದೂ ಅವನದೇ ತೀರ್ಮಾನ.

ಚೌಕಿಯಲ್ಲಿ ಕೂರುವ ಜಾಗವೂ ವೇಷದ ಅಂತಸ್ತಿನಂತೆ. ಹೊಸಬನು ಕೋಡಂಗಿಯಿಂದ ಶುರುಮಾಡಿ, ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ ದಾಟಿ ಮೇಲೇರಬೇಕು. ಇವೆಲ್ಲ ಪೂರ್ವರಂಗದ, ಅಂದರೆ ಕಥೆಗೆ ಮುಂಚಿನ ಭಾಗದ, ವೇಷಗಳು. ಜನ ಇನ್ನೂ ಬಂದು ಸೇರುತ್ತಿರುವ ಹೊತ್ತಿನಲ್ಲಿ ಹೆಜ್ಜೆ ತಪ್ಪಿದರೂ ಆಟಕ್ಕೆ ಕುಂದಿಲ್ಲ. ಕಲಿಕೆಯನ್ನು ದುಡಿಮೆಯೊಳಗೇ ಇಷ್ಟು ಜಾಣತನದಿಂದ ಹೆಣೆದ ವೃತ್ತಿಗಳು ಕಡಿಮೆ. ಆದರೆ ಈ ಕ್ರಮದ ಕಟ್ಟುನಿಟ್ಟಿಗೆ ಬೆಲೆಯೂ ಇತ್ತು: ಪ್ರತಿಭೆ ಇದ್ದವನೂ ಮೇಲಿನ ಜಾಗ ತೆರವಾಗುವವರೆಗೆ ವರ್ಷಗಟ್ಟಲೆ ಕಾಯಬೇಕು, ಹೆಂಗಸರಿಗಂತೂ ಚೌಕಿಯಲ್ಲಿ ಜಾಗವೇ ಇರಲಿಲ್ಲ.

20ನೇ ಶತಮಾನದ ನಡುಭಾಗದಲ್ಲಿ ಡೇರೆ ಮೇಳಗಳು ಬಂದವು. ಕ್ಷೇತ್ರದ ಮೇಳಗಳ ಹರಕೆಯಾಟದ ಖರ್ಚು ಅದನ್ನು ಆಡಿಸುವ ಸೇವಾಕರ್ತರದು. ಡೇರೆ ಮೇಳ ಬದುಕಬೇಕಾದದ್ದು ಟಿಕೆಟ್ ಹಣದಲ್ಲಿ. ಜನರನ್ನು ಸೆಳೆಯಬಲ್ಲ ವೇಷಧಾರಿಯ ಮಾತಿಗೆ ತೂಕ ಹೆಚ್ಚಿತು, ಯಾವ ಪ್ರಸಂಗ ಎಂಬುದನ್ನು ಗಲ್ಲಾಪೆಟ್ಟಿಗೆ ನಿರ್ಧರಿಸತೊಡಗಿತು. ಆಗಲೂ ಭಾಗವತ ಮೂಲೆ ಸೇರಲಿಲ್ಲ. ಸಾಲಿಗ್ರಾಮ ಮೇಳದ ಕಾಳಿಂಗ ನಾವಡರು ಹಾಡುಗಾರಿಕೆಯಿಂದಲೇ ಡೇರೆ ತುಂಬಿಸಿದರು. ಅವರ ‘ನಾಗಶ್ರೀ’ ಪ್ರಸಂಗ ಭಾರಿ ಜನಪ್ರಿಯವಾಯಿತು.

ಮೇಳದೊಳಗಿನ ಕಲಿಕೆ ಸಾಲದೆನಿಸಿದಾಗ ಶಾಲೆಗಳು ಹುಟ್ಟಿದವು. ಉಡುಪಿಯ ಯಕ್ಷಗಾನ ಕೇಂದ್ರ 1971ರಲ್ಲಿ ಆರಂಭವಾಯಿತು. ಈಚೆಗೆ ಇಡೀ ರಾತ್ರಿಯ ಬದಲು ಕೆಲವೇ ಗಂಟೆಗಳ ಕಾಲಮಿತಿಯ ಆಟಗಳು ಬಂದಾಗ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಶಾಲೆ ಹೆಜ್ಜೆ ಕಲಿಸೀತು; ಜನರೆದುರು ತಪ್ಪಿ ತಿದ್ದಿಕೊಳ್ಳುವ ಅವಕಾಶ ಪೂರ್ವರಂಗದಲ್ಲಷ್ಟೇ ಇತ್ತು. ಆಟ ಎಷ್ಟೇ ಚಿಕ್ಕದಾಗಲಿ, ಮೇಳಗಳು ಪೂರ್ವರಂಗಕ್ಕೆ ಅರ್ಧ ಗಂಟೆಯನ್ನಾದರೂ ಉಳಿಸಿಕೊಳ್ಳಬೇಕು.