ಓದು, ಸೇವೆ, ಮೈದಾನ: ಕ್ಯಾಥೊಲಿಕ್ ಹೈಸ್ಕೂಲುಗಳ ಕತೆ



ಬೆಳಿಗ್ಗೆ ಶಾಲೆಯ ಹೊತ್ತಿಗೆ ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಸ್ವಲ್ಪ ನಿಂತು ನೋಡಿ. ಕಾನ್ವೆಂಟ್ ಸಮವಸ್ತ್ರದ ಮಕ್ಕಳ ನಡುವೆ ನಮ್ಮ ಮನೆಗಳ ಮಕ್ಕಳೂ ಕಾಣುತ್ತಾರೆ. ಶಿವಮೊಗ್ಗದ ಮೇರಿ ಇಮ್ಮ್ಯಾಕ್ಯುಲೇಟ್ ಇರಲಿ, ಭದ್ರಾವತಿಯ ಸೇಂಟ್ ಚಾರ್ಲ್ಸ್ ಇರಲಿ, ಅಲ್ಲಿ ಸೀಟು ಸಿಕ್ಕಿದರೆ ಮನೆಯಲ್ಲಿ ಸಿಹಿ ಹಂಚುತ್ತಾರೆ. ಯಾಕೆಂದು ಕೇಳಿದರೆ "ಅಲ್ಲಿ ಶಿಸ್ತಿದೆ, ಇಂಗ್ಲಿಷ್ ಇದೆ" ಎಂಬ ಉತ್ತರ ಬರುತ್ತದೆ. ಅದು ಅರ್ಧ ಉತ್ತರ. ಉಳಿದರ್ಧ ತಿಳಿಯಬೇಕಾದರೆ ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕು.

1784ರಲ್ಲಿ ಕೆನರಾದ ಕ್ಯಾಥೊಲಿಕರನ್ನು ಟಿಪ್ಪು ಸುಲ್ತಾನರ ಸೈನ್ಯ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿತು. ಅವರು ಬ್ರಿಟಿಷರ ಪರ ನಿಂತರೆಂಬುದು ಆಗಿನ ಆರೋಪ. ಇದನ್ನು ನಮ್ಮ ಸಂಚಿಕೆಯಲ್ಲಿ ಬರೆಯಲು ಸಂಕೋಚಪಡಬೇಕಾಗಿಲ್ಲ. 1799ರ ನಂತರ ಬದುಕುಳಿದವರು ಮರಳಿದಾಗ ಚರ್ಚುಗಳು ಇರಲಿಲ್ಲ, ಜಮೀನು ಕೈಬಿಟ್ಟಿತ್ತು. ಅದೇ ಜನ ಮುಂದೆ ತಮ್ಮ ಮಕ್ಕಳಿಗೆ ಒಳ್ಳೆಯ ಶಿಕ್ಷಣ ಬೇಕು, ಜೆಸುಯಿಟ್ ಪಾದ್ರಿಗಳನ್ನು ಕಳುಹಿಸಿಕೊಡಿ ಎಂದು ರೋಮಿಗೆ ಮನವಿಯ ಮೇಲೆ ಮನವಿ ಬರೆದರು. 1878ರ ಡಿಸೆಂಬರ್ 31ರಂದು ಜೆಸುಯಿಟರ ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. 1880ರ ಜನವರಿಯಲ್ಲಿ ಕೊಡಿಯಾಲಬೈಲಿನ ಒಂದು ಮನೆಯಲ್ಲಿ ಸಂತ ಅಲೋಶಿಯಸ್ ಆರಂಭವಾಯಿತು. ಕಟ್ಟಡಕ್ಕೆ ಜಾಗ ಕೊಟ್ಟವರು ಲಾರೆನ್ಸ್ ಲೋಬೊ ಪ್ರಭು ಎಂಬ ಸ್ಥಳೀಯ ಗೃಹಸ್ಥರು. ಶಾಲೆ ಬೇಕೆಂದು ಕೇಳಿದ್ದೂ ಸಮುದಾಯ, ನೆಲ ಕೊಟ್ಟಿದ್ದೂ ಸಮುದಾಯ.

ಆ ನೆಲ ಇರುವುದು ಈದ್ಗಾ ಗುಡ್ಡದಲ್ಲಿ, ಅಂದರೆ ಇಂದಿನ ಬಾವುಟಗುಡ್ಡೆಯಲ್ಲಿ. ಟಿಪ್ಪು ಕಾಲದ್ದೆಂದು ಹೇಳಲಾಗುವ ಈದ್ಗಾ ಮಸೀದಿ ಅದರ ನೆರೆಮನೆ. ಬ್ಯಾರಿ ಮನೆತನಗಳ ಮಕ್ಕಳೂ ಆ ಬೆಂಚುಗಳಲ್ಲಿ ಕುಳಿತು ಓದಿದ್ದಾರೆ.

ಅಲ್ಲಿನ ಓದಿನ ಮಟ್ಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕಾದಂಬರಿಕಾರ ಅರವಿಂದ ಅಡಿಗರು 1990ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ್ದು ಅಲ್ಲಿಯೇ. ಆದರೆ ನೀವು ನೆನಪಿಡಬೇಕಾದ ಹೆಸರು ಫಾದರ್ ಅಗಸ್ಟಸ್ ಮುಲ್ಲರ್ ಅವರದು. ಜರ್ಮನಿಯವರು, ಗಣಿತದ ಮೇಷ್ಟ್ರು. ತಮಗೆ ತಿಳಿದಿದ್ದ ಹೋಮಿಯೋಪಥಿ ಔಷಧಿಯನ್ನು ಮೊದಲು ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ ಕೊಟ್ಟರು. ಸುದ್ದಿ ಹರಡಿ ಬಡವರು ಬರತೊಡಗಿದರು. 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಬಡವರ ಔಷಧಾಲಯ ತೆರೆಯಿತು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವಾಯಿತು. 1902ರಲ್ಲಿ ಪ್ಲೇಗಿಗೆ ಹೆದರಿ ಜನ ಊರು ಬಿಡುತ್ತಿದ್ದಾಗ ಪ್ಲೇಗ್ ಆಸ್ಪತ್ರೆಯೂ ಆಯಿತು. 1910ರಲ್ಲಿ ಅವರು ತೀರಿಕೊಂಡರು. ಇಂದಿನ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜು ಅದೇ ಮರದ ನೆರಳಿನಿಂದ ಬೆಳೆದದ್ದು. ಸೇವೆ ಎಂದರೆ ನೋಟ್‌ಬುಕ್ ಹಂಚಿ ಫೋಟೊ ತೆಗೆಸಿಕೊಳ್ಳುವುದು ಎಂದು ತಿಳಿದವರು (ನಮ್ಮಲ್ಲೂ ಇದ್ದಾರೆ) ಈ ಮೇಷ್ಟ್ರ ಮೂವತ್ತು ವರ್ಷಗಳನ್ನು ಒಮ್ಮೆ ಲೆಕ್ಕ ಹಾಕಲಿ.

ಇನ್ನು ಆಟ. ಬೆಂಗಳೂರಿನ ಸೇಂಟ್ ಜೋಸೆಫ್ ಬಾಲಕರ ಹೈಸ್ಕೂಲು 1858ರಲ್ಲಿ ಫ್ರೆಂಚ್ ಪಾದ್ರಿಗಳಿಂದ ಸ್ಥಾಪನೆಯಾಗಿ 1937ರಲ್ಲಿ ಜೆಸುಯಿಟರ ಕೈಗೆ ಬಂತು. ರಾಹುಲ್ ದ್ರಾವಿಡ್ ಆ ಶಾಲೆಯ ವಿದ್ಯಾರ್ಥಿ. ಶಾಲೆಯ ತಂಡದಿಂದ ರಾಜ್ಯದ ಕಿರಿಯರ ತಂಡಕ್ಕೆ, ಅಲ್ಲಿಂದ 1996ರಲ್ಲಿ ಲಾರ್ಡ್ಸ್ ಮೈದಾನದಲ್ಲಿ 95 ರನ್ನಿನವರೆಗೆ ಹೋದ ಹುಡುಗ ಓದನ್ನು ಬಿಟ್ಟವನಲ್ಲ. ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟಿನಲ್ಲೇ 137 ಹೊಡೆದದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ನಮ್ಮ ಮಕ್ಕಳಲ್ಲಿ ಶಕ್ತಿಯಿಲ್ಲವೆಂದಲ್ಲ. ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕೇಳಿ ಪಡೆಯುವ ಶಾಲೆಯಲ್ಲಿ ಆ ಶಕ್ತಿ ಗೊತ್ತಾಗುವುದೇ ಇಲ್ಲ. ಹೆಣ್ಣುಮಕ್ಕಳ ಮಾತಂತೂ ಇನ್ನೂ ಕಷ್ಟ. ತಮಗೊಪ್ಪುವ ಉಡುಪಿನಲ್ಲಿ, ಗೋಡೆಯ ಮರೆಯಲ್ಲಿ ಅವರೂ ಓಡುವಂಥ ಮೈದಾನ ಎಷ್ಟು ಶಾಲೆಗಳಲ್ಲಿದೆ?

ಭದ್ರಾವತಿಯ ವಿದ್ಯಾರ್ಥಿಗಳೇ, ಇದು ನಿಮಗೆ ಬರಿಯ ಇತಿಹಾಸವಲ್ಲ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಂದಿನಿಂದ ತಂದೆಯ ನಂತರ ಮಗನಿಗೂ ಅಲ್ಲೇ ಕೆಲಸವೆಂಬ ನಂಬಿಕೆ ಊರಿನಲ್ಲಿತ್ತು. ಕಾಗದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಉಕ್ಕು ಪ್ರಾಧಿಕಾರ ಕೈಗೊಂಡಾಗ ಕಾರ್ಮಿಕರು ಬೀದಿಗಿಳಿದರು. ಹತ್ತನೇ ತರಗತಿ ಫೇಲಾದ ಹುಡುಗನಿಗೆ ಮೊದಲಿದ್ದ ಬಾಗಿಲು ಈಗಿಲ್ಲ.

ಸಂವಿಧಾನದ 30ನೇ ವಿಧಿ ಕ್ಯಾಥೊಲಿಕರಿಗೆ ಕೊಟ್ಟ ಹಕ್ಕನ್ನೇ ನಮಗೂ ಕೊಟ್ಟಿದೆ. ಭಟ್ಕಳದ ಅಂಜುಮನ್ 1919ರಲ್ಲೇ ಶುರುವಾಯಿತು. ಡಾ. ಮುಮ್ತಾಜ್ ಅಹ್ಮದ್ ಖಾನರು 1966ರಲ್ಲಿ ಅಲ್-ಅಮೀನ್ ಕಟ್ಟಿದರು. ಹಾಗಿದ್ದೂ 2006ರ ಸಾಚಾರ್ ವರದಿಯ ಪ್ರಕಾರ 6ರಿಂದ 14 ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಕಾಲುಭಾಗ ಶಾಲೆಗೆ ಹೋಗಿಯೇ ಇರಲಿಲ್ಲ ಅಥವಾ ನಡುವೆಯೇ ಬಿಟ್ಟಿದ್ದರು.

ಸಂಘದ ಸದಸ್ಯರೇ, ಮುಂದಿನ ಮಹಾಸಭೆಯಲ್ಲಿ ಕಟ್ಟಡ ನಿಧಿಯ ಲೆಕ್ಕ ಓದುವಾಗ ಎದ್ದು ನಿಂತು ಮೈದಾನಕ್ಕೆ ಎಷ್ಟಿಟ್ಟಿದ್ದೀರಿ ಎಂದು ಕೇಳಿ.