ಗಾಯಕಿಯ ಮನೆ



ಕಲಾವಿದರು ಬಾಳಿದ ಮನೆಗಳನ್ನು ಕಾಪಾಡಿ ಜನರ ದರ್ಶನಕ್ಕೆ ತೆರೆದಿಡುವ ಪದ್ಧತಿಯು ಯೂರೋಪಿನಲ್ಲಿ ಬಹುಕಾಲದಿಂದಲೂ ಉಂಟು. ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿರುವ ಚಿತ್ರಕಾರ ರೆಂಬ್ರಾಂಟನ ಮನೆಯು ಇದಕ್ಕೊಂದು ಪ್ರಸಿದ್ಧವಾದ ನಿದರ್ಶನ. ೧೬೩೯ರಲ್ಲಿ ಅವನು ಆ ಮನೆಯನ್ನು ಕೊಂಡನು. ಸಾಲದ ಹೊರೆಯನ್ನು ತಾಳಲಾರದೆ ೧೬೫೬ರಲ್ಲಿ ದಿವಾಳಿಯಾದನು. ಆಗ ಅಧಿಕಾರಿಗಳು ಅವನ ಸೊತ್ತನ್ನು ಕೋಣೆಕೋಣೆಯಾಗಿ ಪಟ್ಟಿಮಾಡಿದರು. ೧೯೧೧ರಲ್ಲಿ ಆ ಮನೆ ಸಂಗ್ರಹಾಲಯವಾಯಿತು. ಮುಂದೆ ಆ ಹಳೆಯ ಪಟ್ಟಿಯ ಆಧಾರದಿಂದಲೇ ಕೋಣೆಗಳನ್ನು ಮೊದಲಿನಂತೆ ಅಣಿಗೊಳಿಸಿದರು. ಕಲಾವಿದನ ದೌರ್ಭಾಗ್ಯವೇ ಅವನ ಮನೆಯ ಭಾಗ್ಯವಾಯಿತೆನ್ನಬೇಕು.

ಚಿತ್ರಕಾರನ ಮನೆಯಲ್ಲಿ ಹೀಗೆ ಮಾಡುವುದು ಸಾಧ್ಯ. ಬಣ್ಣ ಅರೆಯುವ ಕಲ್ಲು, ಚಿತ್ರವನ್ನು ನಿಲ್ಲಿಸುವ ಮರದ ಕಾಲು, ಬೆಳಕು ಬೀಳುವ ಕಿಟಕಿ, ಇವೆಲ್ಲವೂ ಕಣ್ಣಿಗೆ ಕಾಣತಕ್ಕ ವಸ್ತುಗಳು. ಗಾಯಕರ ಸಂಗತಿಯಾದರೋ ಬೇರೆ. ಅವರ ಕಂಠವೇ ಅವರ ಕಲಾಶಾಲೆ. ಅದು ಅವರೊಡನೆಯೇ ಹೊರಟುಹೋಗುತ್ತದೆ. ಹಾಗಿರುವಲ್ಲಿ ಗಾಯಕರ ಮನೆಯನ್ನು ಉಳಿಸುವುದರಿಂದ ಆಗುವ ಪ್ರಯೋಜನವೇನು? ಈ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ ಹುಬ್ಬಳ್ಳಿ-ಧಾರವಾಡಗಳು ತಕ್ಕ ಸ್ಥಳಗಳು. ಗಂಗೂಬಾಯಿ ಹಾನಗಲ್ಲರ ಎರಡು ಮನೆಗಳು ಅಲ್ಲುಂಟು: ಒಂದು ಧಾರವಾಡದ ಶುಕ್ರವಾರಪೇಟೆಯ ‘ಗಂಗೋತ್ರಿ’, ಇನ್ನೊಂದು ಹುಬ್ಬಳ್ಳಿಯ ದೇಶಪಾಂಡೆ ನಗರದ ‘ಗಂಗಾಲಹರಿ’.

ಗಂಗೂಬಾಯಿಯವರು ೧೯೧೩ನೆಯ ಮಾರ್ಚಿ ೫ರಂದು ಧಾರವಾಡದಲ್ಲಿ ಹುಟ್ಟಿದರು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತವನ್ನು ಚೆನ್ನಾಗಿ ಬಲ್ಲವರು. ಕಿರಾಣಾ ಘರಾಣೆಯ ಮಹಾಗಾಯಕರಾದ ಅಬ್ದುಲ್ ಕರೀಮ್ ಖಾನರು ಧಾರವಾಡಕ್ಕೆ ಬಂದಾಗ ಈ ಮನೆಗೆ ಬಂದು ಆಕೆಯ ಹಾಡುಗಾರಿಕೆಯನ್ನು ಕೇಳುತ್ತಿದ್ದರು. ದೊಡ್ಡ ಉಸ್ತಾದರು ತಾವಾಗಿ ಮೆಟ್ಟಿಲೇರಿ ಬರುತ್ತಿದ್ದ ಮನೆಯಾದರೂ ಓಣಿಯವರ ಕಣ್ಣಿಗೆ ಅದು ಹಾಡುವವರ ಮನೆ ಮಾತ್ರವಾಗಿತ್ತು. ಬಾಲಕಿಯಾಗಿದ್ದಾಗ ಬೀದಿಯಲ್ಲಿ ಜನರು ತಮ್ಮನ್ನು ಹಂಗಿಸುತ್ತಿದ್ದುದನ್ನು ಗಂಗೂಬಾಯಿಯವರೇ ಮುಂದೆ ಹೇಳಿಕೊಂಡಿರುವರು. ೧೯೨೪ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧಿಯವರ ಸಮ್ಮುಖದಲ್ಲಿ ಹಾಡುವ ಸುಯೋಗ ಅವರಿಗೆ ದೊರೆಯಿತು. ಅಂದು ಆ ಹುಡುಗಿಯನ್ನು ಕಾಡಿದ್ದು ತಾಳ ತಪ್ಪೀತೆಂಬ ಭಯವಲ್ಲ. ಊಟದ ಹೊತ್ತಿನಲ್ಲಿ ತನ್ನನ್ನು ಬೇರೆ ಕೂರಿಸುವರೋ ಏನೋ ಎಂಬ ಅಂಜಿಕೆ.

ಈ ಸಂಗತಿಗಳನ್ನು ಪುಸ್ತಕದಲ್ಲಿ ಓದಬಹುದು, ನಿಜ. ಆದರೆ ಓಣಿಯಲ್ಲಿ ನಿಂತು ನೋಡಿದಾಗ ಒಂದು ಬಾಗಿಲಿಗೂ ನೆರೆಯ ಬಾಗಿಲಿಗೂ ನಡುವೆ ಇರುವುದು ಕೆಲವೇ ಹೆಜ್ಜೆಗಳೆಂಬುದು ನಮಗೆ ಗೋಚರವಾಗುತ್ತದೆ. ಆ ಕೆಲವು ಹೆಜ್ಜೆಗಳನ್ನು ದಾಟುವುದಕ್ಕೆ ಒಬ್ಬ ಹೆಣ್ಣುಮಗಳಿಗೆ ಅರ್ಧ ಆಯುಷ್ಯವೇ ಬೇಕಾಯಿತು. ಗಾಯಕಿಯ ಮನೆ ನಮಗೆ ಕಲಿಸುವ ಮೊದಲನೆಯ ಪಾಠವಿದು.

ಎರಡನೆಯದು ಸಾಧನೆಯ ಪಾಠ. ಮಗಳು ಹಿಂದುಸ್ತಾನಿ ಸಂಗೀತವನ್ನು ಹಿಡಿದಾಗ, ತನ್ನ ಗಾಯನದ ಛಾಯೆ ಅವಳ ಕಂಠದಲ್ಲಿ ಬೆರೆಯಬಾರದೆಂದು ಅಂಬಾಬಾಯಿಯವರು ತಾವು ಹಾಡುವುದನ್ನೇ ಬಿಟ್ಟರು. ತಾಯಿಯಾದವಳು ಮಾಡಿದ ಇಂತಹ ತ್ಯಾಗಕ್ಕೆ ಯಾವ ಸಂಗ್ರಹಾಲಯದ ಕಪಾಟಿನಲ್ಲಿಯೂ ಗುರುತಿರುವುದಿಲ್ಲ. ೧೯೨೮ರಲ್ಲಿ ಮಗಳ ಶಿಕ್ಷಣಕ್ಕೋಸ್ಕರ ಸಂಸಾರವು ಹುಬ್ಬಳ್ಳಿಗೆ ಬಂದು ನೆಲಸಿತು. ಮುಂದೆ ಗಂಗೂಬಾಯಿಯವರು ಸವಾಯಿ ಗಂಧರ್ವರ ಶಿಷ್ಯೆಯಾದರು. ಗುರುಗಳ ಊರು ಕುಂದಗೋಳ. ಹುಬ್ಬಳ್ಳಿಯು ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು; ಸುಮಾರು ೨೦ ಕಿಲೋಮೀಟರು ದೂರದ ಕುಂದಗೋಳವಾದರೋ ಜಮಖಂಡಿ ಸಂಸ್ಥಾನದ ಆಳ್ವಿಕೆಗೆ ಒಳಪಟ್ಟಿದ್ದಿತು. ಹೀಗೆ ಒಂದು ಸರಕಾರದ ಸೀಮೆಯಿಂದ ಇನ್ನೊಂದಕ್ಕೆ, ಕೈಯಲ್ಲಿ ಸಂಸಾರದ ಹೊಣೆಯನ್ನೂ ಹೊತ್ತು, ಅವರು ರೈಲಿನಲ್ಲಿ ಹೋಗಿಬಂದು ಪಾಠ ಕಲಿತರು. ಭೀಮಸೇನ ಜೋಶಿಯವರು ಅಲ್ಲಿಯೇ ಗುರುಗೃಹದಲ್ಲಿದ್ದು ಕಲಿಯುತ್ತಿದ್ದ ಕಾಲವದು. ಒಂದೇ ರಾಗವನ್ನು, ಒಂದೊಂದೇ ಸ್ವರವನ್ನು ದಿನಗಟ್ಟಲೆ ತಿದ್ದಿಸುವುದು ಆ ಗುರುಗಳ ಕ್ರಮ. ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಗಂಗೂಬಾಯಿಯವರ ಎಳೆಯ ಮಧುರ ಕಂಠವು ಗಂಡುದನಿಯಂತೆ ಗಂಭೀರವಾಯಿತು. ಅನ್ಯರಾಗಿದ್ದರೆ ಹಾಡುವುದನ್ನೇ ನಿಲ್ಲಿಸುತ್ತಿದ್ದರೇನೋ! ಇವರು ಆ ಗಾಂಭೀರ್ಯವನ್ನೇ ತಮ್ಮ ಗಾಯನದ ಲಕ್ಷಣವಾಗಿ ಮಾಡಿಕೊಂಡರು.

ಹುಬ್ಬಳ್ಳಿಯ ಮನೆಯು ಈ ಸಾಧನೆಯ ಉತ್ತರಾರ್ಧಕ್ಕೆ ಸಾಕ್ಷಿ. ಮಗಳು ಕೃಷ್ಣಾ ತಾಯಿಯ ಹಿಂದೆ ಕುಳಿತು ದನಿಗೂಡಿಸಿದ ಕಾಲವದು. ೧೯೭೧ರಲ್ಲಿ ಪದ್ಮಭೂಷಣ, ೨೦೦೨ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದುವು. ೨೦೦೪ರಲ್ಲಿ ಕೃಷ್ಣಾ ತೀರಿಕೊಂಡರು. ೨೦೦೯ನೆಯ ಜುಲೈ ೨೧ರಂದು ಗಂಗೂಬಾಯಿಯವರು ಹುಬ್ಬಳ್ಳಿಯಲ್ಲಿ ಕಣ್ಣುಮುಚ್ಚಿದರು. ಆ ಕಣ್ಣುಗಳನ್ನೂ ಅವರು ದಾನವಾಗಿ ಕೊಟ್ಟರು.

ಈಗ ಮನೆಗಳ ವಿಚಾರ. ಶುಕ್ರವಾರಪೇಟೆಯ ಮನೆಯನ್ನು ರಾಜ್ಯ ಸರಕಾರವು ದುರಸ್ತಿಗೊಳಿಸಿ ಸ್ಮಾರಕವನ್ನಾಗಿ ಮಾಡಿತು. ಆದರೆ ಕೆಲವು ವರ್ಷಗಳೊಳಗಾಗಿಯೇ ಅದು ಶಿಥಿಲವಾದ ಸುದ್ದಿ ವೃತ್ತಪತ್ರಿಕೆಗಳಲ್ಲಿ ಬಂದಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಧಾರವಾಡವು ಮಲೆನಾಡಿನ ಸೆರಗಿನಲ್ಲಿರುವ ಊರು; ಮಳೆ ಹೆಚ್ಚು. ಮಣ್ಣಿನ ಗೋಡೆ, ಮರದ ತೊಲೆಗಳ ಹಳೆಯ ಮನೆಗಳು ಅಲ್ಲಿ ಉಳಿಯಬೇಕಾದರೆ ದಿನವೂ ಬಾಗಿಲು ತೆರೆಯುವ, ಹಂಚು ಸರಿಪಡಿಸುವ, ಒಲೆಯುರಿಸುವ ಮನುಷ್ಯರು ಬೇಕು. ಬೀಗ ಹಾಕಿದ ಮನೆಯನ್ನು ನೀರೂ ಗೆದ್ದಲೂ ವಿಚಾರಿಸಿಕೊಳ್ಳುವುವು. ಕಟ್ಟಡಕ್ಕೆ ಒಮ್ಮೆ ಹಣ ಕೊಡುವುದು ಸುಲಭ, ಪ್ರತಿದಿನ ಗಮನ ಕೊಡುವುದು ಕಷ್ಟ.

ಹುಬ್ಬಳ್ಳಿಯಲ್ಲಿಯೇ ಇದಕ್ಕೆ ಪರಿಹಾರದ ದಾರಿಯೂ ಕಾಣುತ್ತದೆ. ನಗರದ ಬೆಂಗೇರಿಯಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ನಮ್ಮ ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಸ್ಥಳವೆಂದು ಅದು ಹೆಸರಾಗಿದೆ. ಖಾದಿಯ ಚರಿತ್ರೆಯು ಅಲ್ಲಿ ಉಳಿದುಬಂದಿರುವುದು ಗಾಜಿನ ಪೆಟ್ಟಿಗೆಯಲ್ಲಲ್ಲ, ಬಟ್ಟೆಯನ್ನು ಕತ್ತರಿಸಿ ಹೊಲಿಯುವ ಕೈಗಳಲ್ಲಿ. ಸಂಗೀತಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ಇದನ್ನರಿತೇ ಉಣಕಲ್ಲಿನಲ್ಲಿ ೨೦೧೧ರಲ್ಲಿ ಗಂಗೂಬಾಯಿಯವರ ಹೆಸರಿನ ಗುರುಕುಲವನ್ನು ತೆರೆದು, ಶಿಷ್ಯರು ಗುರುಗಳ ಸಂಗಡವೇ ಇದ್ದು ಕಲಿಯುವ ಏರ್ಪಾಡನ್ನು ಮಾಡಿದರು.

ಹಾಗೆಂದು ಮನೆಗಳು ಬೇಡವೆಂದು ನಾವು ಹೇಳುವುದಿಲ್ಲ. ಗುರುಕುಲದಲ್ಲಿ ರಾಗವನ್ನು ಕಲಿಯಬಹುದು. ಆ ರಾಗವನ್ನು ಹಾಡುವ ಹಕ್ಕು ಎಷ್ಟು ದುಬಾರಿಯಾಗಿ ದೊರೆಯಿತೆಂಬುದನ್ನು ಶುಕ್ರವಾರಪೇಟೆಯ ಓಣಿಯಲ್ಲಿಯೇ ತಿಳಿಯಬೇಕು. ವಾರಕ್ಕೊಮ್ಮೆಯಾದರೂ ಎಳೆಯ ವಿದ್ಯಾರ್ಥಿನಿಯರು ಆ ಪಡಸಾಲೆಯಲ್ಲಿ ತಂಬೂರಿ ಶ್ರುತಿಮಾಡಿ ಕುಳಿತರೆ ಬಾಗಿಲು ತೆರೆದಿರುತ್ತದೆ. ಬಾಗಿಲು ತೆರೆದಿದ್ದರೆ ಸೋರುವ ಹಂಚು ಯಾರದಾದರೂ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಬೇಕಾದುದು ದೊಡ್ಡ ಧನರಾಶಿಯಲ್ಲ. ಊರಿನವರ ನಿತ್ಯದ ಆಸ್ಥೆ. ಹುಬ್ಬಳ್ಳಿ-ಧಾರವಾಡಗಳಿಗೆ ಹೋಗುವ ಶ್ರೋತೃಗಳು ಈ ಮನೆಗಳನ್ನು ಕೇಳಿಕೊಂಡು ಹೋಗಬೇಕೆಂದು ನಮ್ಮ ಪ್ರಾರ್ಥನೆ. ನೋಡುವವರು ಬರುವರೆಂದು ತಿಳಿದರೆ ಕಾಯುವವರೂ ಎಚ್ಚರವಾಗಿರುವರು.