ಪಾನಭೂಮಿಯೂ ಈಚಲ ವರ್ಜನವೂ

ಮಹಾನಗರಗಳಲ್ಲಿ ಈಚೆಗೆ ಒಂದು ವಿಹಾರಪದ್ಧತಿ ಬಳಕೆಗೆ ಬಂದಿದೆ. ಸಂಜೆಯಾಗುತ್ತಲೆ ಕೆಲವರು ಒಬ್ಬ ಮಾರ್ಗದರ್ಶಕನ ಹಿಂದೆ ಕಾಲ್ನಡೆಯಿಂದ ಹೊರಟು, ಬೀದಿಯಿಂದ ಬೀದಿಗೆ ಬೀರ್ ಬಾರುಗಳನ್ನು ನೋಡುತ್ತ, ಒಂದೊಂದರ ಪೂರ್ವೋತ್ತರವನ್ನು ಕೇಳುತ್ತ, ಅಲ್ಲಲ್ಲಿ ರುಚಿ ನೋಡುತ್ತ ಸಾಗುವುದೇ ಆ ಪದ್ಧತಿ. ಇದು ಪರದೇಶದ ವಿನೋದವೆಂದು ಮೇಲುನೋಟಕ್ಕೆ ತೋರುವುದಾದರೂ, ಪಾನಗೃಹಗಳ ಬೀದಿಯಲ್ಲಿ ಸಂಜೆಯ ಸಂಚಾರವೆಂಬುದು ಕನ್ನಡ ಕಾವ್ಯವನ್ನು ಓದಿದವರಿಗೆ ಅಪರಿಚಿತವಲ್ಲ. ಅದಕ್ಕೆ ಸಾವಿರ ವರ್ಷಗಳಿಗೂ ಮಿಕ್ಕ ಆಧಾರವಿದೆ. ಇದೇ ಕರ್ಣಾಟಕದಲ್ಲಿ, ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿನ ಬಿ.ಜಿ. ಕೆರೆಯ ಸುತ್ತಣ ಸೀಮೆಯಲ್ಲಿ, ಇದಕ್ಕೆ ನೇರ ವಿರುದ್ಧವಾದ ಒಂದು ಆಚಾರವೂ ಇದೆ. ಹೆಂಡವನ್ನು ಕುಡಿಯಬಾರದೆಂಬುದು ಮಾತ್ರವಲ್ಲ, ಹೆಂಡವನ್ನು ಕೊಡುವ ಈಚಲ ಮರವನ್ನು ಮುಟ್ಟಲೂ ಬಾರದೆಂಬುದು ಆ ಆಚಾರ. ಪಾನವರ್ಜನವು ಸ್ಮೃತಿಗಳಲ್ಲಿ ಹುಟ್ಟಿ ಅಲ್ಲಿಂದ ಜನಸಾಮಾನ್ಯಕ್ಕೆ ಇಳಿದುಬಂದಿತೆಂಬುದು ಹಲವರ ಅಭಿಪ್ರಾಯ. ಈ ಸೀಮೆಯ ಆಚಾರಕ್ಕೆ ಆ ಅಭಿಪ್ರಾಯವು ಸಲ್ಲುವುದೇ ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

1. ಪಾನಾಗಾರ

ಪಾನಗೃಹದ ಪ್ರಾಚೀನ ಸ್ವರೂಪವನ್ನು ತಿಳಿಯಲು ಕೌಟಿಲ್ಯನ ಅರ್ಥಶಾಸ್ತ್ರವೇ ಮುಖ್ಯ ಸಾಧನ. ಬಹುಕಾಲ ಹೆಸರಿನಿಂದ ಮಾತ್ರ ತಿಳಿದಿದ್ದ ಈ ಗ್ರಂಥದ ಓಲೆಯ ಪ್ರತಿಯು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳಿಂದ 1909ರಲ್ಲಿ ಅಚ್ಚಾಯಿತು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳು ಹೇಳಲ್ಪಟ್ಟಿವೆ. ಪಾನಾಗಾರದಲ್ಲಿ ಅನೇಕ ಕೋಣೆಗಳಿರಬೇಕು. ಬೇರೆ ಬೇರೆ ಹಾಸಿಗೆ ಮಣೆಗಳು, ಗಂಧ, ಹೂಮಾಲೆ, ನೀರು ಇವುಗಳು ಋತುವಿಗೆ ತಕ್ಕಂತೆ ಸುಖಕರವಾಗಿರಬೇಕು. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಭೇದಗಳೂ ಅವುಗಳ ಪಾಕಕ್ರಮವೂ ಅಲ್ಲಿಯೇ ಇವೆ. ಆದರೆ ಈ ಸೌಕರ್ಯವೆಲ್ಲ ಔದಾರ್ಯದಿಂದ ಬಂದುದಲ್ಲ. ಗೂಢಪುರುಷರು ಅಲ್ಲಿದ್ದುಕೊಂಡು ಗಿರಾಕಿಗಳು ಮಾಡುವ ವೆಚ್ಚ ವಾಡಿಕೆಯದೋ ವಿಪರೀತವೋ ಎಂಬುದನ್ನು ಗಮನಿಸಬೇಕು. ಅಮಲೇರಿ ಮಲಗಿದವರ ಒಡವೆವಸ್ತ್ರಗಳನ್ನು ಪರೀಕ್ಷಿಸಬೇಕು. ಅವು ಕಳೆದುಹೋದರೆ ಅಂಗಡಿಯವನು ಅಷ್ಟನ್ನೂ ತೆತ್ತು ದಂಡವನ್ನೂ ಕೊಡಬೇಕು. ಹೀಗೆ ಪಾನಾಗಾರವು ಆ ಶಾಸ್ತ್ರದಲ್ಲಿ ಬೊಕ್ಕಸಕ್ಕೆ ಆದಾಯದ ಸ್ಥಾನ, ಆಡಳಿತಕ್ಕೆ ಕಣ್ಣಿಡುವ ಸ್ಥಾನ.

2. ಪಾನಭೂಮಿ

ಮಹಾಕಾವ್ಯದಲ್ಲಿ ಬರಬೇಕಾದ ವರ್ಣನೆಗಳಲ್ಲಿ ಮಧುಪಾನವನ್ನೂ ದಂಡಿಯು ಎಣಿಸಿರುವನು. ಕನ್ನಡದ ಚಂಪೂಕವಿಗಳು ಈ ಲಕ್ಷಣವನ್ನು ಅಂಗೀಕರಿಸಿದರು. ಆದರೆ ಕ್ರಿ. ಶ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ಲಕ್ಷಣದ ಪೂರ್ತಿಗಾಗಿ ಮಾತ್ರ ಈ ಭಾಗವನ್ನು ಬರೆದನೆಂದು ಹೇಳುವಂತಿಲ್ಲ. ಚತುರ್ಥಾಶ್ವಾಸದಲ್ಲಿ ಸುಭದ್ರೆಯ ವಿರಹದಿಂದ ನೊಂದ ಅರ್ಜುನನು ದ್ವಾರಾವತಿಯಲ್ಲಿ ಬೆಳುದಿಂಗಳೊಳಗೆ ಮನಸ್ಸಿನ ಬೇಗೆಯನ್ನು ಕಳೆಯಲೆಂದು ಹೊರಟು, ಸೂಳೆಗೇರಿಯ ಸಂದಣಿಯನ್ನು ನೋಡುತ್ತ ಬರುವನು. ಅಲ್ಲಿ ಕಳ್ಳು ಕುಡಿಯುವವರ ಗೋಷ್ಠಿ ಅವನ ಕಣ್ಣಿಗೆ ಬೀಳುವುದು. ಗಿಳಿ ಕೋಗಿಲೆ ಮೊದಲಾದ ಹಕ್ಕಿಗಳ ಆಕಾರದ ಪಾತ್ರೆಗಳಲ್ಲಿ ಕಳ್ಳನ್ನು ತುಂಬಿ, ಮೊದಲು ನೆಲಕ್ಕೆರೆದು, ಮಧುದೇವತೆಗಳನ್ನು ಮಂತ್ರದಿಂದ ಅರ್ಚಿಸಿ, ಕಿರಿಯರು ಹಿರಿಯರಿಗೆ ನಮಸ್ಕರಿಸಿ, ದಾನವಾಗಿ ಎರೆಯುವ ಧರ್ಮಗಳ್ಳನ್ನೂ ಎರೆದು, ಆಮೇಲೆ ಕುಡಿಯುವ ಕ್ರಮವನ್ನು ಕವಿಯು ಸಾವಧಾನವಾಗಿ ನಿರೂಪಿಸಿದ್ದಾನೆ.

ಈ ವರ್ಣನೆಯಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು, ಪಾನಕ್ಕೆ ಇಲ್ಲಿ ವಿಧಿಯುಂಟು. ದೇವತೆ, ಹಿರಿಯ, ಪರರು ಎಂಬ ಕ್ರಮ ಮುಗಿದಲ್ಲದೆ ಕುಡಿಯುವವನ ಸರದಿ ಬರುವುದಿಲ್ಲ. ಎರಡನೆಯದು, ನಾಯಕನು ಇಲ್ಲಿ ಪ್ರೇಕ್ಷಕನು. ಕೌಟಿಲ್ಯನ ಗೂಢಪುರುಷನಂತೆ ಲೆಕ್ಕವಿಡಲು ಬಂದವನಲ್ಲ. ನೋಡಿ ಮುಂದೆ ಸಾಗುವವನು. ಮಾರ್ಗದರ್ಶಕನೊಡನೆ ಸುತ್ತುವ ಇಂದಿನ ನಗರವಿಹಾರಿಗೆ ಸಮೀಪನಾದ ಪೂರ್ವಿಕನು ಯಾವನಾದರೂ ಇದ್ದರೆ ಅವನು ಪಂಪನ ಅರ್ಜುನನೇ ಸರಿ.

3. ಮಿತಾಕ್ಷರೆಯ ನಿರ್ಣಯ

ಇನ್ನು ಧರ್ಮಶಾಸ್ತ್ರದ ಕಡೆಗೆ ತಿರುಗಬೇಕು. ಸುರಾಪಾನವು ಪಂಚಮಹಾಪಾತಕಗಳಲ್ಲಿ ಒಂದೆಂಬುದು ಪ್ರಸಿದ್ಧವಾಗಿದೆ. ಆದರೆ ಸುರೆ ಎಂದರೇನು, ನಿಷೇಧವು ಯಾರಿಗೆ ಎಂಬ ಪ್ರಶ್ನೆಗಳಿಗೆ ಶಾಸ್ತ್ರವು ಕೊಡುವ ಉತ್ತರವು ಜನರು ಭಾವಿಸಿರುವಷ್ಟು ವ್ಯಾಪಕವಲ್ಲ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಅವನ ಮತದಲ್ಲಿ ಸುರಾಶಬ್ದದ ಮುಖ್ಯಾರ್ಥವು ಹಿಟ್ಟಿನಿಂದಾದ ಪೈಷ್ಟೀ. ಅದು ಮೂರು ವರ್ಣದವರಿಗೂ ನಿಷಿದ್ಧ. ಬೆಲ್ಲದ ಗೌಡಿಯೂ ಮಾಧ್ವಿಯೂ ಬ್ರಾಹ್ಮಣನಿಗೆ ನಿಷಿದ್ಧ. ಪುಲಸ್ತ್ಯನು ಎಣಿಸಿದ ಮದ್ಯಗಳಲ್ಲಿ ತಾಳೆಯದು, ಖರ್ಜೂರಜಾತಿಯದು, ತೆಂಗಿನದು ಇವುಗಳೂ ಸೇರಿವೆ. ಇವು ಬ್ರಾಹ್ಮಣನಿಗೆ ಮಾತ್ರ ವರ್ಜ್ಯ. ಕ್ಷತ್ರಿಯವೈಶ್ಯರಿಗೆ ಇವುಗಳ ನಿಷೇಧವಿಲ್ಲ. ಶೂದ್ರನಿಗಂತೂ ಯಾವ ಮದ್ಯದ ನಿಷೇಧವೂ ಇಲ್ಲ.

ಈಚಲು ಖರ್ಜೂರದ ಜಾತಿಗೆ ಸೇರಿದ ಮರ. ಆದುದರಿಂದ ಕರ್ಣಾಟಕದಲ್ಲಿಯೇ ಹುಟ್ಟಿದ, ಬಹುತೇಕ ಭರತಖಂಡವೆಲ್ಲ ಪ್ರಮಾಣವೆಂದು ಸ್ವೀಕರಿಸಿದ ಈ ಗ್ರಂಥದ ಪ್ರಕಾರ, ದ್ವಿಜೇತರನಾದವನು ಈಚಲ ಹೆಂಡವನ್ನು ಕುಡಿದರೆ ಪಾತಕವಿಲ್ಲ. ಮರವನ್ನು ಮುಟ್ಟಬಾರದೆಂಬ ಮಾತು ಆ ನಿರ್ಣಯದಲ್ಲಿ ಯಾರ ವಿಷಯದಲ್ಲಿಯೂ ಬರುವುದಿಲ್ಲ.

ಇದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ನಡುವೆ ಹೆಂಡದ ಮಾರಯ್ಯನೆಂಬ ವಚನಕಾರನಿದ್ದನು. ಹೆಂಡ ಮಾರುವುದು ಅವನ ಕಾಯಕ. ಧರ್ಮೇಶ್ವರಲಿಂಗವೆಂಬುದು ಅವನ ಅಂಕಿತ. ತನ್ನ ವೃತ್ತಿಯ ಮಾತುಗಳನ್ನೇ ಅವನು ಅನುಭಾವಕ್ಕೆ ತಿರುಗಿಸಿಕೊಂಡನು. ವಿಜ್ಞಾನೇಶ್ವರನೂ ಮಾರಯ್ಯನೂ ಒಂದೇ ನಗರದ ಹೆಸರಿನೊಡನೆ ಕೂಡಿಬರುವುದು ಕರ್ಣಾಟಕದ ವಿಚಾರಜೀವನದ ವೈಶಾಲ್ಯಕ್ಕೆ ಸಾಕ್ಷಿ.

4. ಮ್ಯಾಸನಾಯಕರ ಆಚಾರ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಇವುಗಳಲ್ಲಿನ ಅಶೋಕನ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದ ಬಿ. ಎಲ್. ರೈಸರೇ ಈ ಆಚಾರವನ್ನೂ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲೆ ಮಾಡಿದ್ದಾರೆ. ಅದರಲ್ಲಿ ಬೇಡಸಮುದಾಯದ ಎರಡು ಭಾಗಗಳು ಹೇಳಲ್ಪಟ್ಟಿವೆ: ಊರುಬೇಡರು, ಮ್ಯಾಸಬೇಡರು. ಎರಡನೆಯವರೇ ಈಗ ಮ್ಯಾಸನಾಯಕರೆನಿಸಿಕೊಳ್ಳುವವರು. ಮ್ಯಾಸನಾಯಕರು ಮಾಂಸಾಹಾರಿಗಳಾದರೂ ಕೋಳಿಯನ್ನು ತಿನ್ನರು. ಅಮಲಿನ ಪಾನವನ್ನು ಬಿಟ್ಟವರು. ಈಚಲ ಮರವನ್ನು ಮುಟ್ಟುವುದಕ್ಕೂ ಒಪ್ಪರು ಎಂಬುದು ಆ ದಾಖಲೆಯ ಸಾರ. ಚಳ್ಳಕೆರೆ ಮೊಳಕಾಲ್ಮೂರುಗಳ ಹಟ್ಟಿಗಳಲ್ಲಿ ಇವರ ಬಾಳು ದನಗಳೊಡನೆ ಹೆಣೆದುಕೊಂಡದ್ದು. ದೇವರಿಗೆ ಬಿಟ್ಟ ಎತ್ತುಗಳ ಮಂದೆಗಳನ್ನು ಕಿಲಾರಿಗಳು ನೇಮದಿಂದ ಕಾಯುವರು. ಗಾದ್ರಿ ಪಾಲನಾಯಕನೇ ಮೊದಲಾದ ವೀರರ ಕಥೆಗಳನ್ನು ಹಾಡುವರು.

ಈ ನಿಯಮವು ಸ್ಮೃತಿಯ ಅನುಕರಣದಿಂದ ಬಂದಿದ್ದರೆ ಮೂರು ಲಕ್ಷಣಗಳು ಕಾಣಬೇಕಾಗಿದ್ದುವು. ಪಾನದೊಡನೆ ಮಾಂಸವೂ ಬಿಟ್ಟುಹೋಗಬೇಕಾಗಿತ್ತು. ಸ್ಮೃತಿಯು ಅತ್ಯಂತ ನಿಂದಿಸುವ ಹಿಟ್ಟಿನ ಸುರೆಗೆ ಹೆಚ್ಚಿನ ನಿಷೇಧವಿರಬೇಕಾಗಿತ್ತು. ದೋಷವು ಪಾನಕ್ರಿಯೆಯಲ್ಲಿರಬೇಕಾಗಿತ್ತೇ ಹೊರತು ಮರದಲ್ಲಲ್ಲ. ಇವುಗಳಲ್ಲಿ ಒಂದೂ ಕಾಣದು. ಇಲ್ಲಿ ನಿಷೇಧದ ಮೊನೆಯಿರುವುದು ಒಂದು ಮರದ ಮೇಲೆ, ಒಂದು ಹಕ್ಕಿಯ ಮೇಲೆ. ಕೋಳಿಯು ನೆಲೆಯೂರಿದ ಊರಿನ ಸಾಕುಪ್ರಾಣಿ. ಮಂದೆಯೊಡನೆ ಮೇವನ್ನರಸಿ ಹೋಗುವವನಿಗೆ ಸಲ್ಲದ್ದು. ಹೆಂಡದ ಗಡಿಗೆಯೂ ಹಾಗೆಯೇ. ಸಂಜೆ ಕಟ್ಟಿದ ಗಡಿಗೆಯನ್ನು ಬೆಳಗ್ಗೆ ಇಳಿಸಬೇಕು. ಬಿಸಿಲೇರುವುದರೊಳಗೆ ರಸ ಹುಳಿಯಲು ತೊಡಗುವುದು. ಆದುದರಿಂದ ಬನದ ಬಳಿಯಲ್ಲಿಯೇ ನಿಲ್ಲಬೇಕು. ಊರಿನವರಿಂದ ತಮ್ಮನ್ನು ಬೇರೆಯೆಂದು ಗುರುತಿಸಿಕೊಂಡ ಒಂದು ಪಶುಪಾಲಕ ಜನಾಂಗವು ಊರಿನ ಎರಡು ಚಿಹ್ನೆಗಳನ್ನು ದೂರವಿಟ್ಟಿತೆಂದು ಊಹಿಸಿದರೆ ಅದು ಅಸಂಗತವಾಗಲಾರದು. ಮೂಲವು ಯಾವುದೇ ಆಗಲಿ, ಶಾಸ್ತ್ರವು ಬಿಟ್ಟುಕೊಟ್ಟದ್ದನ್ನು ಇವರು ಸ್ವಂತ ಕಟ್ಟಳೆಯಿಂದ ತ್ಯಜಿಸಿದರೆಂಬುದು ಸ್ಪಷ್ಟ.

5. ಪಡಖಾನೆ ಮತ್ತು ಕೊಡಲಿ

ಟೀಪು ಸುಲ್ತಾನನು ಮದ್ಯವನ್ನು ನಿಷೇಧಿಸಿದ್ದನು. 1799ರ ಅನಂತರದ ಆಡಳಿತದಲ್ಲಿ ಅಬಕಾರಿಯು ಸಂಸ್ಥಾನದ ಆದಾಯದ ಒಂದು ದೊಡ್ಡ ಬಾಬಾಯಿತು. ಹರಾಜಿನಲ್ಲಿ ಗುತ್ತಿಗೆ ಹಿಡಿದವನ ಪಡಖಾನೆಯು ಹಳ್ಳಿಯ ಅಂಚಿನಲ್ಲಿ ನಿಂತಿತು. ಪಂಪನ ಪಾನಭೂಮಿಯ ನಮಸ್ಕಾರವಾಗಲಿ ಧರ್ಮಗಳ್ಳಾಗಲಿ ಇಲ್ಲಿ ಉಳಿಯಲಿಲ್ಲ. ಕೌಟಿಲ್ಯನ ಆದಾಯದೃಷ್ಟಿ ಉಳಿಯಿತು, ಅವನು ವಿಧಿಸಿದ ಸೌಕರ್ಯ ಉಳಿಯಲಿಲ್ಲ. ಈ ಪಡಖಾನೆಯ ಗಿರಾಕಿಗೆ ಅವನ ನುಡಿಯಲ್ಲಿಯೇ ಕಾವ್ಯದ ಸ್ಥಾನವನ್ನು ಕೊಟ್ಟವರು ‘ರತ್ನನ ಪದಗಳು’ ಬರೆದ ಜಿ. ಪಿ. ರಾಜರತ್ನಂ.

1939ರಲ್ಲಿ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಸತ್ಯಾಗ್ರಹ ನಡೆದು, ಜನರು ಈಚಲ ಮರಗಳನ್ನು ಕಡಿದರು. ಆ ಚಳುವಳಿಯಲ್ಲಿ ಮುಂದಾಳಾಗಿ ಸೆರೆಮನೆಗೆ ಹೋದವರಲ್ಲಿ ಎಸ್. ನಿಜಲಿಂಗಪ್ಪನವರು ಮುಖ್ಯರು. ಮರವು ಸರಕಾರದ್ದಾಗಿದ್ದುದರಿಂದ ಅದನ್ನು ಕಡಿಯುವುದು ಪಾನವಿರೋಧವೂ ಆಯಿತು, ಅರಣ್ಯಕಾನೂನಿನ ಭಂಗವೂ ಆಯಿತು. ಸ್ವಾತಂತ್ರ್ಯದ ಬಳಿಕ ಜಾರಿಗೆ ಬಂದ ಪಾನನಿಷೇಧವು 1967ರಲ್ಲಿ ಸಡಿಲವಾದಾಗ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ಅದೇ ನಿಜಲಿಂಗಪ್ಪನವರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಬಾರುಗಳು ನಿಲ್ಲಲಿಲ್ಲ. ವ್ಯಕ್ತಿಗಳನ್ನು ದೂರುವುದಕ್ಕಾಗಿ ಇದನ್ನು ಹೇಳಿದುದಲ್ಲ. ಬೊಕ್ಕಸದ ಅಗತ್ಯಕ್ಕೆ ಒಳಪಟ್ಟ ನಿಷೇಧವು ಬೊಕ್ಕಸದೊಡನೆಯೇ ಏರಿಳಿಯುವುದೆಂಬುದು ಇದರಿಂದ ವ್ಯಕ್ತವಾಗುವುದು.

6. ಉಪಸಂಹಾರ

ಮೇಲಿನ ವಿಚಾರದಿಂದ ಈಚಲ ಮರದ ವಿಷಯದಲ್ಲಿ ಮೂರು ವ್ಯವಹಾರಗಳು ತೋರಿಬರುವುವು: ಅರಸು ಅದನ್ನು ಗುತ್ತಿಗೆಗೆ ಕೊಟ್ಟನು, ಸತ್ಯಾಗ್ರಹಿಯು ಕಡಿದನು, ಮ್ಯಾಸನಾಯಕನು ಮುಟ್ಟದೆ ಬಿಟ್ಟನು. ಮೊದಲೆರಡಕ್ಕೂ ಕಾಗದಪತ್ರಗಳ ಆಧಾರವಿದೆ. ಮೂರನೆಯದರ ಕಾರಣವು ಹಟ್ಟಿಯ ಹಿರಿಯರ ಬಾಯಲ್ಲಿಯೂ ಕಥನಗೀತಗಳಲ್ಲಿಯೂ ಇದೆ. ಹಾಡುವವರು ಕಡಿಮೆಯಾದಷ್ಟೂ ಅದು ಕ್ಷಯಿಸುವುದು. ಪಂಪನ ಪಾನಭೂಮಿಯನ್ನು ಪಾಠ ಹೇಳುವ ಅಧ್ಯಾಪಕರು ಈ ಆಚಾರವನ್ನೂ ಅದರ ಪಕ್ಕದಲ್ಲಿಟ್ಟು ತೋರಿಸಿದರೆ, ಸಂಯಮವು ಗ್ರಂಥಸ್ಥರ ಸೊತ್ತು, ಸ್ವೈರವು ಗ್ರಂಥವಿಲ್ಲದವರ ಸ್ವಭಾವ ಎಂಬ ತಪ್ಪು ತಿಳಿವಳಿಕೆ ವಿದ್ಯಾರ್ಥಿಗಳ ಮನಸ್ಸಿನಿಂದ ತೊಲಗುವುದು. ಮೊಳಕಾಲ್ಮೂರು ಸೀಮೆಯ ಈಚಲ ಕಥೆಗಳ ಸಂಗ್ರಹವು ಶಾಸನಗಳ ಸಂಗ್ರಹದಷ್ಟೇ ಆದರದಿಂದ ನಡೆಯಬೇಕಾದ ಕಾರ್ಯವಾಗಿದೆ.